ಮೊಬೈಲಿನಲ್ಲಿ ಹುಟ್ಟಿದ್ದು ಉಳಿಯಲಿ

ಮೊಬೈಲ್ ಇರುವುದು ನೋಡುವುದಕ್ಕೆ, ಕೇಳುವುದಕ್ಕೆ; ಅದರಲ್ಲಿ ಹೊಸದೇನೂ ಹುಟ್ಟುವುದಿಲ್ಲ ಎನ್ನುವವರು ದ್ರಾಕ್ಷಿ ಬಳ್ಳಿಯ ಅಕ್ಟೋಬರ್ ಚಾಟ್ನಿ (ಸವರುವಿಕೆ) ಮುಗಿದ ಮೇಲೆ ಒಮ್ಮೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಬರಬೇಕು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ದ್ರಾಕ್ಷಿ ಬೆಳೆಗಾರನಿಗೆ ಡೌನಿ ರೋಗದ ಚಿಂತೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ ಕಂಡೊಡನೆ ಅದನ್ನು ಮಗುಚಿ, ಕೆಳಗಿನ ಬಿಳಿ ಬೂಷ್ಟಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಜತೆಗೆ ಧ್ವನಿ ಸಂದೇಶ: ಚಾಟ್ನಿ ಯಾವಾಗ ಆಯಿತು, ಯಾವ ಔಷಧಿ ಹೊಡೆದದ್ದಾಯಿತು, ಮಳೆ ಎಷ್ಟು ಬಂತು. “ಅಣ್ಣಾರ, ಇದಕ್ಕೇನ್ ಹೊಡೀಬೇಕ್ರಿ?” ಬಬಲೇಶ್ವರದ ಕಡೆಯ ರೈತನೊಬ್ಬ ತನ್ನ ತೋಟದಲ್ಲಿ ನಿಂತೇ ಉತ್ತರ ಹೇಳುತ್ತಾನೆ. ಒಂದಕ್ಷರ ಬರೆಯದಿದ್ದರೂ ಇದು ಬೆಳೆಯ ದಿನಚರಿ. ಈ ನೆಲಕ್ಕೆ ಇಷ್ಟು ಹತ್ತಿರದ ಕೃಷಿ ಸಾಹಿತ್ಯ ಪುಸ್ತಕದಂಗಡಿಯಲ್ಲಿ ಸಿಗುವುದು ಕಷ್ಟ.

ಗುಂಪಿನ ಮಾತಷ್ಟೇ ಅಲ್ಲ, ಸರಕಾರಿ ದಾಖಲೆಯೂ ರೈತನ ಮೊಬೈಲಿನಲ್ಲೇ ಹುಟ್ಟುತ್ತಿದೆ. 2020ರ ಮುಂಗಾರಿನಲ್ಲಿ ಸರಕಾರದ ಬೆಳೆ ಸಮೀಕ್ಷೆ ಆ್ಯಪ್ ಬಂದು, ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಫೋಟೊ ಸೇರಿಸುವಂತಾಯಿತು. ಬೆಳೆವಿಮೆ, ಪರಿಹಾರಕ್ಕೆ ಆ ದಾಖಲೆ ಬೇಕು.

ಹಾಗೆಂದು ಮೊಬೈಲಿನಲ್ಲಿ ಬರೀ ಕೇಳುವುದೇನೂ ಕೀಳಲ್ಲ. ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ಅವರ ಪ್ರವಚನ ಇಂದಿಗೂ ಹೊಲದ ಕೆಲಸದ ನಡುವೆ ಕಿಸೆಯೊಳಗಿಂದ ಕೇಳುತ್ತದೆ. ಆಗ ಧ್ವನಿ ಮುದ್ರಿಸಿಕೊಂಡವರು ಜೋಪಾನ ಮಾಡಿದ್ದರಿಂದಲೇ ಆ ದನಿ ನಮಗೆ ಸಿಕ್ಕಿದೆ.

ನನ್ನ ಆತಂಕವೂ ಈ ಜೋಪಾನದ್ದೇ. ಮೆಮೊರಿ ತುಂಬಿದಾಗ ಗುಂಪಿನ ಸಂದೇಶಗಳನ್ನು ಅಳಿಸಿಬಿಡುತ್ತೇವೆ. ಮುಂದಿನ ವರ್ಷ ಅದೇ ಕಲೆ, ಅದೇ ಪ್ರಶ್ನೆ. ವಚನಗಳ ತಾಡೋಲೆಗಳೂ ಒಂದು ಕಾಲಕ್ಕೆ ಮನೆಮನೆಯ ಗಂಟುಗಳಲ್ಲಿ ಹೀಗೇ ಹಾಳಾಗುತ್ತಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ಅವನ್ನು ಊರೂರು ತಿರುಗಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು. ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಹಾಡಿದವರ ಬಾಯಿಂದ ಹೊರಟದ್ದು ಗಾಳಿಗೆ ಹೋಗಬಾರದೆಂಬ ಹಟ ಅವರದು. ನಮ್ಮಲ್ಲಿ ಯಂತ್ರವಿದೆ, ಆ ಹಟ ಕಾಣುತ್ತಿಲ್ಲ.

ಮುದ್ರಣಾಲಯಕ್ಕೆಂದು ಇಂದು ಯಾರೂ ಮನೆ ಮಾರಬೇಕಿಲ್ಲ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ತಮ್ಮೂರಿನ ಗುಂಪುಗಳ ಧ್ವನಿ ಸಂದೇಶಗಳನ್ನು, ಕಳಿಸಿದವರ ಒಪ್ಪಿಗೆ ಪಡೆದು, ಊರು, ತಿಂಗಳು, ತಳಿಯ ಹೆಸರು ಹಾಕಿ ಬರಹಕ್ಕೆ ಇಳಿಸಬಹುದು. ಕನ್ನಡದ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಫೋನಿನಲ್ಲೇ ಇದೆ. ನಮ್ಮ ಕಡೆಯ ಮಾತು ಬಂದಲ್ಲಿ ಅದು ಎಡವುತ್ತದೆ. ತಿದ್ದಲು ಇಲ್ಲೇ ಹುಟ್ಟಿ ಬೆಳೆದ ಕಿವಿ ಬೇಕು. ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಶೆಡ್ಡಿನ ಹೆಣ್ಣುಮಕ್ಕಳನ್ನೂ ಮಾತಾಡಿಸಬೇಕು. ದ್ರಾವಣದಲ್ಲಿ ಅದ್ದಿದ ಗೊನೆಯನ್ನು ಬಲೆಯ ಮೇಲೆ ಹೇಗೆ ಹರಡುತ್ತಾರೆ, ಮೋಡ ಬಂದರೆ ಬಣ್ಣ ಕೆಡದಂತೆ ಏನು ಮಾಡುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ ದಾಖಲಿಸಬೇಕು.