ಹೊರಗಿನಿಂದ ತಂದ ತಂತ್ರಾಂಶಗಳ ನವೀಕರಣ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಇ-ಸ್ವತ್ತು ನಮೂನೆ 9 ಮತ್ತು 11ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೀಳುವುದು ಕಚೇರಿಯ ಗಣಕಯಂತ್ರದ ಮೂಲಕ. ಆ ಯಂತ್ರದ ತಂತ್ರಾಂಶದಲ್ಲಿ ದೋಷ ಉಳಿದರೆ ಗ್ರಾಮಸ್ಥರ ಆಸ್ತಿ ದಾಖಲೆಗಳಿಗೂ ಅಪಾಯ ತಪ್ಪಿದ್ದಲ್ಲ.

ಉಬುಂಟು ಕಾರ್ಯಾಚರಣ ವ್ಯವಸ್ಥೆ ಅಳವಡಿಸಿರುವ ಯಂತ್ರಗಳಲ್ಲಿ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಸೇರುತ್ತವೆ. ಆದರೆ ಈ ಏರ್ಪಾಡು ಸಾಮಾನ್ಯವಾಗಿ ಉಬುಂಟುವಿನ ಸ್ವಂತ ಭಂಡಾರದ ತಂತ್ರಾಂಶಗಳಿಗೆ ಸೀಮಿತ. ಹೊರಗಿನಿಂದ ತಂದವುಗಳಲ್ಲಿ ಎರಡು ಬಗೆ. ಗೂಗಲ್ ಕ್ರೋಮ್‌ನಂಥವು ತಮ್ಮ ಭಂಡಾರದ ವಿಳಾಸವನ್ನು ಯಂತ್ರದಲ್ಲಿ ಸೇರಿಸುತ್ತವೆ. ‘ಆಪ್ಟ್ ಅಪ್‌ಡೇಟ್’, ಬಳಿಕ ‘ಆಪ್ಟ್ ಅಪ್‌ಗ್ರೇಡ್’ ಆದೇಶ ನೀಡಿದಾಗ ಅವೂ ಹೊಸದಾಗುತ್ತವೆ. ಡಿಜಿಟಲ್ ಸಹಿಯ ಟೋಕನ್ ಅಥವಾ ಪ್ರಿಂಟರ್‌ನ ಡ್ರೈವರ್ ಅನ್ನು ಬಿಡಿ ಕಡತವಾಗಿ ಇಳಿಸಿಕೊಂಡು ಅಳವಡಿಸಿದ್ದರೆ, ಹೊಸ ಆವೃತ್ತಿಯನ್ನು ತಯಾರಕರ ಅಧಿಕೃತ ಜಾಲತಾಣದಿಂದ ಸಿಬ್ಬಂದಿಯೇ ತರಬೇಕು. ಉಬುಂಟುವನ್ನೇ ಮುಂದಿನ ಆವೃತ್ತಿಗೆ ಏರಿಸಿದಾಗ ಹೊರಗಿನ ಭಂಡಾರಗಳ ಸಂಪರ್ಕ ಸಾಮಾನ್ಯವಾಗಿ ಸ್ಥಗಿತಗೊಳ್ಳುತ್ತದೆ. ಅದನ್ನು ಮರಳಿ ಚಾಲನೆಗೊಳಿಸದಿದ್ದರೆ ನವೀಕರಣ ಸದ್ದಿಲ್ಲದೆ ನಿಲ್ಲುತ್ತದೆ.

ವಿಳಂಬದ ಪರಿಣಾಮಕ್ಕೆ ನಿದರ್ಶನವಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಹಿರಂಗವಾದ ದಿನವೇ ಸರಿಪಡಿಸಿದ ಆವೃತ್ತಿಯೂ ಬಿಡುಗಡೆಯಾಯಿತು. ಆದರೂ ದೋಷಯುಕ್ತ ಆವೃತ್ತಿಯನ್ನೇ ಉಳಿಸಿಕೊಂಡ ಯಂತ್ರಗಳಿಂದ ಗುಪ್ತಪದಗಳನ್ನು ಕದಿಯುವ ಅವಕಾಶ ಹಾಗೆಯೇ ಉಳಿಯಿತು.

ಆದುದರಿಂದ ಸದಸ್ಯರು ಸಾಮಾನ್ಯ ಸಭೆಯಲ್ಲಿ ಮೂರು ವಿವರಗಳನ್ನು ಕೇಳುವುದು ಸೂಕ್ತ: ಹೊರಗಿನಿಂದ ತಂದ ತಂತ್ರಾಂಶಗಳು ಯಾವುವು, ಅವುಗಳ ಮೂಲ ಯಾವುದು, ಕೊನೆಯ ಬಾರಿ ನವೀಕರಿಸಿದ್ದು ಯಾವಾಗ. ಇವುಗಳನ್ನು ವಹಿಯೊಂದರಲ್ಲಿ ದಾಖಲಿಸಿ ಪ್ರತಿ ತಿಂಗಳು ಪರಿಶೀಲಿಸಬೇಕು. ಬಳಕೆಯಲ್ಲಿಲ್ಲದ ತಂತ್ರಾಂಶಗಳನ್ನು ತೆಗೆದುಹಾಕಬೇಕು. ಇದಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ; ಸಿಬ್ಬಂದಿಯ ಕೆಲವು ಗಂಟೆಗಳ ಕೆಲಸ ಸಾಕು.