ಹಳೇ ಓಮ್ನಿಗೆ ಇ20 ಪೆಟ್ರೋಲ್: ಮೊದಲು ಪೈಪು ನೋಡಿ

ತರಕಾರಿ ಸಾಗಿಸೋಕೆ ಹಳೇ ಕಾರ್ಬುರೇಟರ್ ಓಮ್ನಿ ಇಟ್ಟುಕೊಂಡ ಬೆಳೆಗಾರರಲ್ಲಿ ನಾನೂ ಒಬ್ಬ. ಅದರ 796 ಸಿಸಿ, ಮೂರು ಸಿಲಿಂಡರ್ ಎಫ್8ಬಿ ಎಂಜಿನ್ ಹಳೇ ಮಾರುತಿ 800ರಲ್ಲೂ ಇತ್ತು. ಹಾಗಾಗಿ ಬಿಡಿಭಾಗಕ್ಕೆ ಪರದಾಟ ಕಡಿಮೆ.

ತೊಂದರೆ ಇರೋದು ರಬ್ಬರಿನಲ್ಲಿ. ಇ20 ಅಂದರೆ ಶೇ. 20 ಎಥನಾಲ್ (ನಮ್ಮ ಕಬ್ಬು, ಮೆಕ್ಕೆಜೋಳದ್ದೇ, ಬೇಡ ಅನ್ನೋಕಾಗಲ್ಲ). ಅದು ಹಳೇ ರಬ್ಬರನ್ನು ಉಬ್ಬಿಸುತ್ತೆ, ಗಾಳಿಯ ತೇವ ಹೀರುತ್ತೆ.

ಹೋದ ಮಳೆಗಾಲ ಮೂರು ವಾರ ನಿಲ್ಲಿಸಿದ್ದ ಗಾಡಿ ಮಲ್ಲೇಶ್ವರಂ 8ನೇ ಕ್ರಾಸಿನಲ್ಲಿ ಕೆಮ್ಮಿ ನಿಂತಿತು. ಪೈಪು ಬಿರಿದು ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಅದೂ ಬಿಸಿ ಎಂಜಿನ್ ಪಕ್ಕ, ನಾನು ಕೂತ ಸೀಟಿನ ಕೆಳಗೇ! ಸೊಪ್ಪು ಬಾಡಿದ್ದು ಬೇರೆ.

ಆಮೇಲೆ ಎಥನಾಲ್ ತಡೆಯುವ ಪೈಪು, ಪಂಪಿನ ಹೊಸ ಡಯಾಫ್ರಾಮ್, ಫಿಲ್ಟರ್ ಹಾಕಿಸಿದೆ. ನೀವೂ ಎಂಜಿನ್ ತಣ್ಣಗಿರುವಾಗ ಸೀಟು ಎತ್ತಿ ಪೈಪು ಒತ್ತಿ ನೋಡಿ. ಮೆತ್ತಗಾಗಿದ್ದರೆ, ಬಿರುಕಿದ್ದರೆ, ಬದಲಿಸದೆ ಸಂತೆಗೆ ಹೊರಡಬೇಡಿ.