ಕಾಳಿಯ ಅಳಿವೆಯಲ್ಲಿ ಒಂದು ಮುಂಜಾವು

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮವರಿಗೆ ಕಡಲೆಂದರೆ ನೋಡಿಬರುವ ವಸ್ತು. ಅದರೊಡನೆ ಬಾಳಿ ಬಲ್ಲವರು ವಿರಳ. ಊರ ಕೆರೆಯಲ್ಲಿ ಈಜು ಕಲಿತವನು ಸಮುದ್ರವನ್ನೂ ದೊಡ್ಡದೊಂದು ಕೆರೆಯೆಂದೇ ಭಾವಿಸುವನು. ನಾನೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದೆನು.

1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಕೆಲಕಾಲ ತಂಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಕವಿಗೆ ಆಗ ಇಪ್ಪತ್ತೆರಡರ ಹರೆಯ. ಒಂದು ಬೆಳದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ಕಾಳಿನದಿಯ ಮೇಲ್ಮುಖವಾಗಿ ಹೋಗಿ, ಶಿವಾಜಿಯ ಹಳೆಯ ಕೋಟೆಯೊಂದರ ಬಳಿ ಇಳಿದು, ರೈತನೊಬ್ಬನ ಚೊಕ್ಕಟವಾದ ಅಂಗಳದಲ್ಲಿ ಬುತ್ತಿ ಉಂಡು, ದೋಣಿಯನ್ನು ಹರಿವಿಗೆ ಬಿಟ್ಟುಕೊಟ್ಟು ಮರಳಿದ ಸಂಗತಿಯನ್ನು ಅವರು 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ. ಅಳಿವೆ ತಲುಪುವಷ್ಟರಲ್ಲಿ ಬಹಳ ಹೊತ್ತಾದುದರಿಂದ ಸಮುದ್ರಮಾರ್ಗವಾಗಿ ಮನೆಗೆ ಹೋಗದೆ, ಅಲ್ಲಿಯೇ ಇಳಿದು ಮರಳದಂಡೆಯ ಮೇಲೆ ನಡೆದೇ ಹೋದರಂತೆ. ಓದಿದವರೆಲ್ಲ ಆ ಬೆಳದಿಂಗಳನ್ನು ನೆನೆಯುತ್ತಾರೆ. ನನಗೆ ಮಾತ್ರ ಅವರು ದೋಣಿಯಿಂದ ಇಳಿದುದೇ ನೆನಪಿನಲ್ಲಿ ನಿಂತಿದೆ.

ಹೊಳೆ ಕಡಲನ್ನು ಸೇರುವ ತಾಣವೇ ಅಳಿವೆ. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇವೆರಡರ ಅಂತರ ಹೆಚ್ಚು, ಆದ್ದರಿಂದ ನೀರಿನ ಸೆಳೆತವೂ ಹೆಚ್ಚು. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಕಡಲ ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ದಡದಲ್ಲಿ ನಿಂತವನ ಕಣ್ಣಿಗೆ ಅದು ಕಾಣುವುದೇ ಇಲ್ಲ.

ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ ಮಠದ ಪಾಠಶಾಲೆಯ ಆರು ಜನ ಗೆಳೆಯರು ಕಾರವಾರಕ್ಕೆ ಹೋಗಿದ್ದೆವು. ಅಳಿವೆಯಾಚೆಯ ಕೂರ್ಮಗಡ ದ್ವೀಪಕ್ಕೆ ಹಾಯಿದೋಣಿಯಲ್ಲಿ ಹೋಗುವ ಹಂಬಲ. ಮಧ್ಯಾಹ್ನದ ಮೂರು ಗಂಟೆಗೆ ಹಣ ಹಿಡಿದು ನಿಂತರೆ, ವಯಸ್ಸಾದ ಅಂಬಿಗನು ತಲೆಯಾಡಿಸಿಬಿಟ್ಟನು.

"ಈಗಲ್ಲ ಸ್ವಾಮಿ. ಗಾಳಿ ಎದುರಿದೆ. ನಸುಕಿನಲ್ಲಿ ಬನ್ನಿ, ನೆಲದ ಗಾಳಿ ನಮ್ಮನ್ನು ಒಯ್ಯುತ್ತದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ತಿರುಗಿ ತರುತ್ತದೆ. ಐವರು ಸಾಕು."

ನಾವು ಆರು ಜನರೆಂದೆವು. ಅವನು ಮತ್ತೆ ಐವರೆಂದನು. ವಾದ ನಡೆಯಿತು, ತರ್ಕಶಾಸ್ತ್ರ ಓದಿದ್ದ ನಾವೇ ಸೋತೆವು. ಮರುದಿನ ಒಬ್ಬ ಗೆಳೆಯನು ಮುಖ ಊದಿಸಿಕೊಂಡು ನಮ್ಮ ಗಂಟುಮೂಟೆ ಕಾಯುತ್ತ ದಡದಲ್ಲಿಯೇ ಉಳಿದನು.

ಇರುಳಿಡೀ ತಂಪಾದ ನೆಲದಿಂದ ಕಡಲಿನತ್ತ ಬೀಸುವ ಗಾಳಿಗೆ ಹಾಯಿ ತುಂಬಿಕೊಂಡಿತು. ಹುಟ್ಟಿನ ಸದ್ದಿಲ್ಲ, ಮಾತಿಲ್ಲ. ಬಲಗಡೆ ಸದಾಶಿವಗಡದ ಗುಡ್ಡ ಕಪ್ಪಗೆ ಮಲಗಿತ್ತು. ದ್ವೀಪದಲ್ಲಿ ನರಸಿಂಹನ ಗುಡಿ, ಕೋಟೆಯ ಅವಶೇಷ, ಕಲ್ಲುಬಂಡೆ. ಇನ್ನೂ ಸ್ವಲ್ಪ ಹೊತ್ತು ಇರೋಣವೆಂದು ನಾವು ಗೋಗರೆದರೂ ಅಂಬಿಗನು ಕೂಗಿ ಕರೆದು ಹೊರಡಿಸಿದನು. ಅಷ್ಟಾದರೂ ಅಳಿವೆಯ ಬಾಯಲ್ಲಿ ಎರಡು ಅಲೆಗಳು ದೋಣಿಯೊಳಕ್ಕೆ ನೀರು ಚೆಲ್ಲಿದವು. ಅವನು ಹಾಯಿಯ ಹಗ್ಗ ಸಡಿಲಿಸಿ ಏನೋ ಕೊಂಕಣಿಯಲ್ಲಿ ಗೊಣಗಿದನು. ನಾವು ತೆಂಗಿನ ಚಿಪ್ಪಿನಿಂದ ನೀರು ಮೊಗೆದೆವು. ಆರನೆಯವನ ಭಾರ ಇದ್ದಿದ್ದರೆ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ.

2019ರ ಜನವರಿ 21, ಪುಷ್ಯ ಹುಣ್ಣಿಮೆ. ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಮೃತರಾದರು. ಅವರಲ್ಲಿ ಮಕ್ಕಳಿದ್ದರು, ಹಾವೇರಿ ಜಿಲ್ಲೆಯಿಂದ ಬಂದಿದ್ದ, ನಮ್ಮಂತೆಯೇ ಕಡಲನ್ನರಿಯದ ಒಂದು ಕುಟುಂಬದವರೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದು ಪತ್ರಿಕೆಗಳು ಬರೆದವು. ಇಂಥಲ್ಲಿ ದೋಣಿಯವರನ್ನಷ್ಟೇ ದೂರುವುದು ಸುಲಭ. ಆದರೆ "ಇನ್ನೊಬ್ಬರು ತಾನೆ, ಹಿಡಿಸುತ್ತಾರೆ ಬಿಡಿ" ಎಂದು ಒತ್ತಾಯ ಮಾಡುವವರು ಯಾತ್ರಿಕರಾದ ನಾವೇ. ಲೈಫ್ ಜಾಕೆಟ್ ಕೊಟ್ಟರೆ ಸೆಕೆಯೆಂದು ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳುವವರೂ ನಾವೇ.

ಆ ಸುದ್ದಿ ಬಂದ ರಾತ್ರಿ ದಡದಲ್ಲಿ ಉಳಿದಿದ್ದ ಗೆಳೆಯನಿಂದ ದೂರವಾಣಿ ಬಂದಿತು. ಈಗ ಅವನು ಮೊಮ್ಮಕ್ಕಳನ್ನು ಕಂಡವನು. ಬಹಳ ಹೊತ್ತು ಮಾತಿಲ್ಲದೆ ಇದ್ದು, "ಅಂದು ನನ್ನನ್ನು ಹತ್ತಗೊಡದ ಆ ಅಂಬಿಗನ ಹೆಸರು ನಿನಗೆ ನೆನಪಿದೆಯೇನು?" ಎಂದು ಕೇಳಿದನು.

ನಾವು ಯಾರೂ ಅವನ ಹೆಸರನ್ನು ಕೇಳಿರಲಿಲ್ಲ.